ಹನ್ನೆರಡನೆಯವಳು

ಕಾಜದಜ್ಜಿಗೆ ಊರಲ್ಲಿ ಬೆಲೆ ಬರುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ. ಮಿಕ್ಕ ದಿನಗಳಲ್ಲಿ ಅವಳು ಇದ್ದಾಳೋ ಸತ್ತಳೋ ಎಂದು ಕೇಳುವ ನರಪಿಳ್ಳೆ ಇರಲಿಲ್ಲ. ಆ ದಿನ ಮಾತ್ರ ಬಾಗಿಲಿಗೆ ಕಾರು, ಎದೆಗೆ ಕಾಗದದ ಹೂವು, ವೇದಿಕೆಯ ಮೇಲೆ ಮೊದಲ ಸಾಲು. ದರ್ಜಿ ಅಂಗಡಿಯಲ್ಲಿ ಐವತ್ತು ವರ್ಷ ಕೋಟಿಗೂ ಅಂಗಿಗೂ ಗುಂಡಿಯ ಕಾಜ ಹೊಲಿದವಳು. ಕಣ್ಣು ಮಂಜಾಗಿ ಸೂಜಿ ಕೆಳಗಿಟ್ಟು ಹತ್ತು ವರ್ಷವಾಗಿತ್ತು, ಹೆಸರು ಮಾತ್ರ ಬಿಟ್ಟು ಹೋಗಿರಲಿಲ್ಲ.

ಆ ದಿನ ಎಂದರೆ ವಾಚನಾಲಯದ ದಿನ. ಅರವತ್ತು ವರ್ಷದ ಹಿಂದೆ ಕಾಲುವೆಯಾಚೆಯವರು ಊರಿನ ವಾಚನಾಲಯದೊಳಗೆ ಕಾಲಿಡುವಂತಿರಲಿಲ್ಲ. ಪುಸ್ತಕ ಬೇಕಾದರೆ ಹಿಂದುಗಡೆ ಹೋಗಿ, ಕಸದ ತೊಟ್ಟಿಯ ಪಕ್ಕದ ಕಿಟಕಿಗೆ ಕೈ ಚಾಚಿ ಕೇಳಬೇಕು. ಕೊಟ್ಟರೆ ಕೊಟ್ಟರು, ಇಲ್ಲವಾದರೆ ಇಲ್ಲ. ಒಂದು ಸೋಮವಾರ ಬೆಳಗ್ಗೆ ಆಚೆಯ ಕೆಲವರು ಮುಂಬಾಗಿಲಿನಿಂದಲೇ ಒಳಗೆ ಹೋದರು, ಉದ್ದ ಮೇಜಿನ ಸುತ್ತ ಕುರ್ಚಿ ಎಳೆದುಕೊಂಡು ಕೂತರು, ಪುಸ್ತಕ ತೆರೆದು ಓದಿದರು. ಮಾಡಿದ ಘನಂದಾರಿ ಅಪರಾಧ ಅಷ್ಟೇ. ಪೊಲೀಸರು ಬಂದು ದೊಣ್ಣೆಯಿಂದ ಬಡಿದು ಎಳೆದೊಯ್ದರು. ಎರಡು ವರ್ಷ ಕೇಸು ನಡೆದು ಕೊನೆಗೆ ಆ ಬಾಗಿಲು ಎಲ್ಲರಿಗೂ ತೆರೆಯಿತು. ಈಗ ಅದೇ ಬಾಗಿಲ ಪಕ್ಕದಲ್ಲಿ ಒಂದು ಕರಿಕಲ್ಲು, ಕಲ್ಲಿನ ಮೇಲೆ ಹನ್ನೊಂದು ಹೆಸರು. ಅವರಲ್ಲಿ ಹತ್ತು ಜನ ಮಣ್ಣು ಸೇರಿ, ಉಳಿದವಳು ಕಾಜದಜ್ಜಿ ಒಬ್ಬಳೇ.

ಆದರೆ ಅವತ್ತು ಒಳಗೆ ಹೋದವರು ಹನ್ನೆರಡು ಜನ.

ಹನ್ನೆರಡನೆಯವಳು ಅಜ್ಜಿಯ ಒಡಹುಟ್ಟಿದ ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮೇಜಿನ ಸುತ್ತ ಇದ್ದದ್ದು ಹನ್ನೊಂದೇ ಕುರ್ಚಿ. ಕೊನೆಯ ಕುರ್ಚಿಯನ್ನು ಹಿಡಿದ ಅಕ್ಕ, "ನೀನು ಕೂತ್ಕೊಳ್ಳೇ, ನಿಂಗೆ ಕಾಲು ನಡುಗ್ತಿದೆ" ಎಂದು ತಂಗಿಯನ್ನು ಕೂರಿಸಿ, ಹಿಂದೆ ನಿಂತಳು. ನಿಂತವಳು ಎದ್ದು ಕಾಣುತ್ತಾಳಲ್ಲ, ಮೊದಲ ಏಟು ಅವಳಿಗೇ ಬಿತ್ತು, ಎಡಗಿವಿಯ ಮೇಲೆ. ಆಮೇಲೆ ಪೊಲೀಸರು ಬರೆದ ದೂರು ಏನು ಗೊತ್ತೇ? ಅನುಮತಿಯಿಲ್ಲದೆ ಕುರ್ಚಿ ಆಕ್ರಮಿಸಿಕೊಂಡದ್ದು. ಕೂತವರು ಹನ್ನೊಂದು ಜನ, ಹನ್ನೊಂದು ಕೇಸು. ನಿಂತವಳ ಮೇಲೆ ಹಾಕಲು ಅವರಿಗೆ ಕಾನೂನು ಸಿಗಲಿಲ್ಲ. ಕಿವಿಯಿಂದ ರಕ್ತ ಸುರಿಸುತ್ತಿದ್ದವಳನ್ನು ಮೆಟ್ಟಿಲ ಮೇಲೆ ಬಿಟ್ಟು ಹೋದರು.

ಈಗ ಆ ದಿನವನ್ನು ಆಚರಿಸುವ ಸಮಿತಿಯೂ ಆ ಪೊಲೀಸರ ಪಟ್ಟಿಯನ್ನೇ ಕಣ್ಣಿಗೊತ್ತಿಕೊಂಡು ಕೂತಿತ್ತು. ವೇದಿಕೆಯ ಮೇಲೆ ಹಳೆಯ ಹನ್ನೊಂದು ಕುರ್ಚಿ ಹಾಕುತ್ತಾರೆ. ಸತ್ತವರ ಕುರ್ಚಿಯಲ್ಲಿ ಶಾಲೆಯ ಮಕ್ಕಳು ಕೂರುತ್ತಾರೆ. ಹನ್ನೆರಡನೇ ಕುರ್ಚಿ ಹಾಕಿ ಎಂದು ಅಜ್ಜಿ ವರ್ಷಾ ವರ್ಷಾ ಕೇಳುತ್ತಾಳೆ, ಅವರು ವರ್ಷಾ ವರ್ಷಾ ಅವಳ ಮೂಗಿಗೆ ತುಪ್ಪ ಸವರಿ ಕಳಿಸುತ್ತಾರೆ. ಅರವತ್ತನೇ ವರ್ಷದ್ದು ದೊಡ್ಡ ಕಾರ್ಯಕ್ರಮ. ತನಗೆ ಎಪ್ಪತ್ತೊಂಬತ್ತು. ಈ ಸಲ ಆಗದಿದ್ದರೆ ಅಕ್ಕನ ವಿಷಯ ತನ್ನ ಜೊತೆಗೇ ಹೂತು ಹೋಗುತ್ತದೆ ಎಂದು ಅಜ್ಜಿಗೆ ಖಾತ್ರಿಯಾಗಿತ್ತು.

ಎರಡು ದಿನ ಮೊದಲು ಸಮಿತಿಯ ಅಧ್ಯಕ್ಷ ಮನೆಗೆ ಬಂದ. ಅವನ ಕೈಗೆ ಹೋದ ಮೈಕು ವಾಪಸು ಬಂದದ್ದನ್ನು ಕಂಡವರಿಲ್ಲ, ಹಾಗಾಗಿ ಊರಿಗೆಲ್ಲ ಅವನು ಮೈಕಣ್ಣ. ಕಲ್ಲಿನ ಮೇಲಿನ ಮೊದಲ ಹೆಸರು ಅವನ ಅಪ್ಪನದು. ಅಪ್ಪ ಏಟು ತಿಂದಾಗ ಮಗ ತೊಟ್ಟಿಲಲ್ಲಿದ್ದ, ಆದರೆ ಭಾಷಣ ಕೇಳಿದರೆ ಪಕ್ಕದಲ್ಲೇ ಕೂತಿದ್ದ ಎಂದುಕೊಳ್ಳಬೇಕು. ಜೊತೆಗೆ ಶಾಲೆಯ ಚರಿತ್ರೆ ಟೀಚರ್ ಇದ್ದಳು, ಕೈಯಲ್ಲಿ ಮಕ್ಕಳಿಗಾಗಿ ಹೊಸದಾಗಿ ಅಚ್ಚಾದ ಪುಸ್ತಕ.

"ಕುರ್ಚಿ ಹಾಕಿಸ್ತೀಯೋ ಇಲ್ವೋ, ಅದನ್ನ ಹೇಳು ಮೊದಲು," ಎಂದಳು ಅಜ್ಜಿ.

"ಚಿಕ್ಕಮ್ಮ, ನಂಗೇನು ಹೊಟ್ಟೆಕಿಚ್ಚಾ? ದಾಖಲೆ ಬೇಕಲ್ಲ. ನಾಳೆ ಯಾರು ಬೇಕಾದ್ರೂ ಬಂದು ನಮ್ಮಜ್ಜನೂ ನಿಂತಿದ್ರು, ನಮ್ಮತ್ತೆನೂ ನಿಂತಿದ್ರು ಅಂತಾರೆ. ಆಗ ಯಾರ ಬಾಯಿ ಮುಚ್ಚಿಸೋದು?"

"ನಾನಿದ್ದೀನಲ್ಲೋ ದಾಖಲೆ. ಇನ್ನೂ ಉಸಿರಾಡ್ತಿದ್ದೀನಿ."

ಟೀಚರ್ ಸಂಕೋಚದಿಂದ ಪುಸ್ತಕ ಬಿಡಿಸಿದಳು. "ಅಜ್ಜಿ, ನಿಮ್ದೇ ಹೇಳಿಕೆ ಇದೆ. ಕೋರ್ಟಿನ ಹಳೇ ಕಡತದಲ್ಲಿ ಸಿಕ್ತು. ಮಕ್ಕಳ ನಾಟಕದಲ್ಲೂ ಇದೇ ಕೊನೇ ಮಾತು." ಓದಿಯೇ ಬಿಟ್ಟಳು: "ನಾವು ಹೋದದ್ದು ಹನ್ನೊಂದೇ ಜನ. ನಮ್ಮ ಜೊತೆ ಬೇರೆ ಯಾರೂ ಇರಲಿಲ್ಲ. ಇದು ಸತ್ಯ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಜ್ಜಿ ಅರವತ್ತು ವರ್ಷದ ಹಿಂದೆ ಆಡಿದ ಮಾತು ಹೋಗಿರಲೇ ಇಲ್ಲ, ಯಾವುದೋ ಕಪಾಟಿನಲ್ಲಿ ದೂಳು ತಿನ್ನುತ್ತ ಇವಳಿಗಾಗಿಯೇ ಕಾದಿತ್ತು.

ಆ ಮಾತು ಹೇಳಿಸಿದವರು ಹನ್ನೊಂದು ಜನರ ಪರ ನಿಂತಿದ್ದ ವಕೀಲರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಕೇಸಿಗೆ ಸಿಕ್ಕಿದವರೆಲ್ಲ ಕೆಲಸ ಕಳೆದುಕೊಂಡಿದ್ದರು. "ನಿಮ್ಮಕ್ಕನ ಹೆಸರು ಎಲ್ಲೂ ಇಲ್ಲ. ಹನ್ನೊಂದೇ ಜನ ಅಂದುಬಿಡಮ್ಮ. ಅವಳ ಕೆಲಸನಾದ್ರೂ ಉಳಿಯುತ್ತೆ, ಮನೇಲಿ ಒಲೆ ಉರಿಯುತ್ತೆ" ಎಂದಿದ್ದರು. ಇವಳು ಕಟಕಟೆಯಲ್ಲಿ ನಿಂತು ಅಂದುಬಿಟ್ಟಳು. ಕೆಲಸ ಉಳಿಯಿತೇ? ಆರೇ ತಿಂಗಳು. ಎಡಗಿವಿ ಕೇಳದ ಅಕ್ಕನಿಗೆ ಒಂದು ದಿನ ಇಸ್ತ್ರಿ ಯಂತ್ರದ ಗಂಟೆ ಕೇಳಿಸಲಿಲ್ಲ, ಬಿಸಿ ಉರುಳೆಗೆ ಕೈ ಸಿಕ್ಕಿತು, ಮನೆಗೆ ಕಳಿಸಿದರು. ಇತ್ತ ಕಲ್ಲಿನಲ್ಲೂ ಹೆಸರಿಲ್ಲ, ಅತ್ತ ಸಂಬಳವೂ ಇಲ್ಲ.

ಕಲ್ಲು ನೆಟ್ಟ ದಿನ ಅಕ್ಕ ಕೊನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದಳು. ವಾಪಸು ಬರುವಾಗ ನಡುಬೀದಿಯಲ್ಲಿ, ಕಿವುಡರ ಗಟ್ಟಿ ದನಿಯಲ್ಲಿ ಕೇಳಿದ್ದಳು: "ನಾನೂ ಇದ್ದೆ ಅಲ್ವೇನೇ?" ಬೀದಿಯವರೆಲ್ಲ ತಿರುಗಿ ನೋಡಿದರು. ತಂಗಿ ನಾಚಿಕೆಯಿಂದ, "ಮೆಲ್ಲಗೆ ಮಾತಾಡು" ಎಂದಳು. ಅಕ್ಕ ಮತ್ತೆ ಆ ಮಾತೆತ್ತಲಿಲ್ಲ. ಅವಳು ಸತ್ತು ನಲವತ್ತು ವರ್ಷವಾದರೂ ಆ ಪ್ರಶ್ನೆ ಅಜ್ಜಿಯ ಊಟದ ತಟ್ಟೆಯ ಎದುರು ದಿನಾ ಬಂದು ಕೂರುತ್ತಿತ್ತು.

"ಅದು ಸುಳ್ಳು," ಎಂದಳು ಅಜ್ಜಿ. "ನಾನು ಹೇಳಿದ್ದು ಸುಳ್ಳು."

ಮೈಕಣ್ಣ ಹೆದರಿ ಬಾಗಿಲ ಕಡೆ ನೋಡಿದ. "ಸ್ವಲ್ಪ ಹೊಟ್ಟೆಗೆ ಹಾಕ್ಕೊಳ್ಳಿ ಚಿಕ್ಕಮ್ಮ. ನೀವೇ ಕೋರ್ಟಲ್ಲಿ ಸುಳ್ಳು ಹೇಳಿದ್ರಿ ಅಂದ್ರೆ, ಮಿಕ್ಕಿದ್ದೂ ಸುಳ್ಳು ಅನ್ನೋಕೆ ಕಾಯ್ತಾ ಇರೋರು ಎಷ್ಟು ಜನ ಇಲ್ಲ ಈ ಊರಲ್ಲಿ?" ಆ ಮಾತು ತಳ್ಳಿಹಾಕುವಂಥದ್ದಲ್ಲ, ಅಜ್ಜಿಗೂ ಗೊತ್ತಿತ್ತು. ಸಿಟ್ಟು ಬಂದದ್ದು ಅದಕ್ಕೇ.

ಕಾರ್ಯಕ್ರಮ ವಾಚನಾಲಯದ ದೊಡ್ಡ ಕೋಣೆಯಲ್ಲಿ, ಅದೇ ಮೇಜು, ಅವೇ ಕುರ್ಚಿಗಳು. ಗೋಡೆಗೆ ಬಣ್ಣದ ಕಾಗದ, ಮೂಲೆಯಲ್ಲಿ ನೀಲಿ ರಿಬ್ಬನ್ ಕಟ್ಟಿದ ಹೊಸ ಸೈಕಲ್. ಕೊನೆಯಲ್ಲಿ ಮಕ್ಕಳಿಗೆ ಹತ್ತು ಪ್ರಶ್ನೆಯ ಪರೀಕ್ಷೆ. ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವರಿಗೆ ಸೈಕಲ್. ನಾಟಕದಲ್ಲಿ ಅಜ್ಜಿಯ ಪಾತ್ರ ಮಾಡಿದವಳು ಕಾಲುವೆಯಾಚೆಯ ಹುಡುಗಿ, ಹನ್ನೆರಡು ಹದಿಮೂರರ ಚೂಟಿ. ದಿನಾ ಮುಕ್ಕಾಲು ಗಂಟೆ ನಡೆದು ಶಾಲೆಗೆ ಬರುವವಳು. ಪಾತ್ರದ ನಡುವೆಯೂ ಅವಳ ಕಣ್ಣು ಸೈಕಲ್ ಮೇಲೆಯೇ ಇತ್ತು. ಕೊನೆಗೆ ಕಟಕಟೆಯಲ್ಲಿ ನಿಂತು, ಎದೆಯುಬ್ಬಿಸಿ, "ನಾವು ಹೋದದ್ದು ಹನ್ನೊಂದೇ ಜನ, ಬೇರೆ ಯಾರೂ ಇರಲಿಲ್ಲ, ಇದು ಸತ್ಯ" ಎಂದಾಗ ಕೋಣೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ತನ್ನ ಸುಳ್ಳಿಗೆ ಊರು ಊರೇ ಎದ್ದು ನಿಂತದ್ದನ್ನು ಅಜ್ಜಿ ಕೂತೇ ನೋಡಿದಳು.

ಅವಳಿಗೆ ಐದು ನಿಮಿಷ ಕೊಟ್ಟಿದ್ದರು. ಮೇಜು ಹಿಡಿದು ಎದ್ದಳು.

"ಮಕ್ಕಳೇ, ಈ ಮಗು ಚೆನ್ನಾಗಿ ಹೇಳ್ತು. ನಾನೂ ಅವತ್ತು ಹೀಗೇ ಗಟ್ಟಿಯಾಗಿ ಹೇಳಿದ್ದೆ. ಆದ್ರೆ ಅದು ಸುಳ್ಳು. ನಾವು ಹನ್ನೆರಡು ಜನ ಇದ್ವಿ. ಇಲ್ಲಿ, ಈ ಕುರ್ಚಿ ಹಿಂದೆ, ನಮ್ಮಕ್ಕ ನಿಂತಿದ್ಲು. ಕುರ್ಚಿ ನಂಗೆ ಬಿಟ್ಟುಕೊಟ್ಟು ನಿಂತ್ಲು. ಮೊದಲನೇ ಏಟು ಅವಳಿಗೇ ಬಿತ್ತು. ಅವಳ ಕೆಲಸ ಉಳೀಲಿ ಅಂತ ನಾನು ಅವಳನ್ನ ಲೆಕ್ಕದಿಂದ ಅಳಿಸಿದೆ. ಅವಳು ಇದ್ಲು. ಅಷ್ಟೇ ನಾನು ಹೇಳೋದು."

ಮೈಕಣ್ಣ ಓಡಿಬಂದು ಮೈಕು ಇಸಿದುಕೊಂಡ. "ಅರವತ್ತಕ್ಕೆ ಅರಳುಮರಳು ಅಂತಾರೆ, ನಮ್ಮ ಚಿಕ್ಕಮ್ಮನಿಗೆ ಎಪ್ಪತ್ತೊಂಬತ್ತು!" ಎಂದ. ಜನ ನಕ್ಕರು. ಕೆಟ್ಟ ನಗುವೇನಲ್ಲ, ಅಜ್ಜಿಯಂದಿರನ್ನು ಕಂಡು ನಗುವಂಥ ಪ್ರೀತಿಯ ನಗು. "ಅಕ್ಕನ ಮೇಲಿನ ಮಮತೆ ನೋಡಿ, ಸಂಸಾರ ಅಂದ್ರೆ ಇದು" ಎಂದು ಅವಳ ಕೈಗೆ ಗಾಜಿನ ನೆನಪಿನ ಕಾಣಿಕೆ ಕೊಟ್ಟು, ಹೆಗಲು ಹಿಡಿದು ಕೂರಿಸಿದ. ಬೈದಿದ್ದರೂ ಅಜ್ಜಿ ತಡೆದುಕೊಳ್ಳುತ್ತಿದ್ದಳು.

ಪರೀಕ್ಷೆ ನಡೆಯಿತು. ಮೇಲಿನ ಬೀದಿಯ ಒಬ್ಬ ಹುಡುಗ ಹತ್ತಕ್ಕೆ ಹತ್ತು ತೆಗೆದ, ಸೈಕಲ್ ಅವನಿಗೇ ಎಂದು ನಿಶ್ಚಯವಾಯಿತು. ಅವನ ಮನೆಯಲ್ಲಿ ಆಗಲೇ ಒಂದಿತ್ತು. ಹೆಸರು ಕೂಗುವ ಮೊದಲೇ ನಾಟಕದ ಹುಡುಗಿ ತನ್ನ ಉತ್ತರದ ಹಾಳೆ ಹಿಡಿದು ಅಜ್ಜಿಯ ಎದುರು ಬಂದು ನಿಂತಳು. ಕಣ್ಣು ಕೆಂಪಗಾಗಿತ್ತು. ಒಂಬತ್ತು ಸರಿ, ಒಂದು ತಪ್ಪು. ವಾಚನಾಲಯದೊಳಗೆ ಹೋದವರು ಎಷ್ಟು ಜನ ಎಂಬ ಪ್ರಶ್ನೆಗೆ ಹನ್ನೆರಡು ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು.

"ನೀವು ಹೇಳಿದ್ರಿ ಅಂತ ಬರ್ದೆ," ಎಂದಳು.

ಹಿಂದೆಯೇ ಟೀಚರ್ ಬಂದಳು. ಬಗ್ಗಿ ಅಜ್ಜಿಯ ಕಿವಿಯಲ್ಲಿ, "ಅಜ್ಜಿ, ಇವಳು ನನ್ನ ಜಾಣ ಹುಡುಗಿ. 'ಮರೆತು ಏನೋ ಹೇಳ್ದೆ, ಹನ್ನೊಂದೇ ಜನ' ಅಂತ ನೀವು ಒಂದು ಮಾತು ಅಂದುಬಿಡಿ. ಮಗೂದು ತಪ್ಪಲ್ಲ ಅಂತ ಆ ಅಂಕ ಕೊಡ್ತೀನಿ. ಇಬ್ಬರ ಹೆಸರಲ್ಲಿ ಚೀಟಿ ಎತ್ತಿದ್ರಾಯ್ತು, ಪಾಪ, ಅಷ್ಟು ದೂರ ನಡೀತಾಳೆ" ಎಂದಳು.

ಅಂದುಬಿಡಮ್ಮ. ಅದೇ ಮಾತು. ಅಂದು ಹೇಳಿದವರೂ ಒಳ್ಳೆಯವರೇ, ಇಂದು ಹೇಳುತ್ತಿರುವವಳೂ ಒಳ್ಳೆಯವಳೇ. ಅಜ್ಜಿ ಹುಡುಗಿಯ ಕಾಲು ನೋಡಿದಳು. ಬೂಟಿನ ತುದಿ ಸವೆದು ದಾರದಲ್ಲಿ ಹೊಲಿದಿತ್ತು, ಹೊಲಿಗೆಯೂ ನೆಟ್ಟಗಿರಲಿಲ್ಲ. ನಾಲಿಗೆಯ ತುದಿಗೆ ಹನ್ನೊಂದು ಬಂದು ನಿಂತಿತ್ತು. ಒಂದು ಮಾತು, ಅರ್ಧ ಉಸಿರಿನ ಕೆಲಸ.

"ಹನ್ನೆರಡು," ಎಂದಳು ಅಜ್ಜಿ.

ಟೀಚರ್ ನಿಟ್ಟುಸಿರು ಬಿಟ್ಟು ಹೊರಟುಹೋದಳು. ಹುಡುಗಿ ಅಲ್ಲೇ ನಿಂತಿದ್ದಳು. "ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಒಂದ್ಸಲ ಹೇಳಿ ನೋಡಿದ್ದೀನಿ ಕಣಮ್ಮ."

"ನಿಮ್ಮಕ್ಕ ಸತ್ತುಹೋಗಿದ್ದಾರೆ. ನಾನು ನಾಳೆನೂ ನಡೀಬೇಕು." ಹಾಳೆಯನ್ನು ಮುದುರಿ ಅಜ್ಜಿಯ ತೊಡೆಯ ಮೇಲೆ ಎಸೆದು ಹೋದಳು. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅಜ್ಜಿಗೆ ಅಕ್ಕನಿಗೆ ಮಾಡಿದ ಅನ್ಯಾಯದ ಮೇಲೆ ಇದೊಂದು ಬೇರೆ ಸೇರಿಕೊಂಡಿತು.

ಹಿಂತಿರುಗುವಾಗ ಕಾರು ಕಾಲುವೆಯ ಸೇತುವೆಯ ಮೇಲೆ ಜನರ ಹಿಂದೆ ತೆವಳುತ್ತಿತ್ತು. ಮುಂದೆ ಆ ಹುಡುಗಿ ಗೆಳತಿಯ ಜೊತೆ ಹೋಗುತ್ತಿದ್ದಳು, ಸಿಕ್ಕ ಕಲ್ಲನ್ನೆಲ್ಲ ಒದೆಯುತ್ತ. ಸಿಟ್ಟಿನ ದನಿ ತೆರೆದ ಕಿಟಕಿಯೊಳಗೆ ಸ್ಪಷ್ಟವಾಗಿ ಬರುತ್ತಿತ್ತು.

"ಹನ್ನೆರಡಂತೆ! ಅವಳಕ್ಕ ಹಿಂದೆ ನಿಂತಿದ್ಲಂತೆ, ಕುರ್ಚಿ ಬಿಟ್ಟುಕೊಟ್ಲಂತೆ, ಮೊದಲು ಏಟು ಬಿದ್ದಿದ್ದು ಅವಳಿಗಂತೆ. ಯಾರಿಗೆ ಬೇಕಿತ್ತು ಅವಳಕ್ಕನ ಕಥೆ? ನಾನು ಸಾಯೋ ತನಕ ಮರೆಯಲ್ಲ ಆ ಮುದುಕೀನ."

"ಯಾರೇ ನಿಂತಿದ್ದಿದ್ದು?" ಎಂದು ಗೆಳತಿ ಕೇಳಿದಳು. ಹುಡುಗಿ ಬೈಯುತ್ತ ಮೊದಲಿನಿಂದ ಮತ್ತೆ ಶುರುಮಾಡಿದಳು.

ಡ್ರೈವರ್ ಹಾರ್ನ್ ಮೇಲೆ ಕೈಯಿಟ್ಟ. ಅಜ್ಜಿ ಅವನ ಹೆಗಲು ಮುಟ್ಟಿದಳು. ಅವಳಿಗೆ ಅಳು ಬಂದಿತ್ತು.

"ಹಾರ್ನ್ ಮಾಡಬೇಡಪ್ಪ," ಎಂದಳು. "ಅವರ ಹಿಂದೆನೇ ನಿಧಾನಕ್ಕೆ ಹೋಗು."