ಮೂರು ಕಿಲೋ ಹೆಚ್ಚು ತೋರಿಸಿದ ತಕ್ಕಡಿ

ವರದಿ ನಾಲ್ಕು ಗಂಟೆಗೆ ದೊಡ್ಡ ಡಾಕ್ಟರ ಮೇಜು ಸೇರಬೇಕಿತ್ತು. ಎರಡೂವರೆಯಾದರೂ ಡಾಕ್ಟರಮ್ಮ ಸಹಿ ಹಾಕಿರಲಿಲ್ಲ. ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ, ತಮ್ಮ ಕೋಣೆಗೂ ವಾರ್ಡಿಗೂ ನಾಲ್ಕು ಸಲ ಓಡಾಡಿದ್ದರು. ಬರೆದದ್ದು ಒಂದೇ ಸಾಲು: ‘ಚಿಕಿತ್ಸೆ ಬೇಡವೆಂದು ತಾನೇ ನಿರ್ಧರಿಸುವ ಶಕ್ತಿ ಈ ರೋಗಿಗೆ ಇದೆ.’ ಅದಕ್ಕೆ ಸಹಿ ಬಿದ್ದರೆ, ಊಟ ಬಿಟ್ಟು ಎಲುಬಿನ ಗೂಡಾಗಿದ್ದ ಇಪ್ಪತ್ತಮೂರರ ಹುಡುಗಿ ಮನೆಗೆ ಹೋಗುತ್ತಾಳೆ. ಹದಿನೈದು ದಿನದಲ್ಲಿ ಅವಳ ಹೃದಯ ನಿಂತರೂ ನಿಂತೀತು.

ಹಾಗಂತ ಬೇರೇನು ಬರೆಯುವುದು? ಬೆಳಿಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ಅರಳು ಹುರಿದಂತೆ ಉತ್ತರ ಕೊಟ್ಟಿದ್ದಳು. ಕಾಯಿಲೆಯ ಹೆಸರು, ಮೂಗಿನ ಕೊಳವೆಯಿಂದ ಊಟ ಕೊಡುವುದರ ಲಾಭ, ಕೊಡದಿದ್ದರೆ ಸಾವು, ಎಲ್ಲವೂ ಗೊತ್ತು. ‘ಗೊತ್ತಿದ್ದೂ ಬೇಡ ಅಂತೀನಿ. ಅದು ನನ್ನ ಹಕ್ಕು ತಾನೆ?’ ಅಂದಿದ್ದಳು. ಹೌದು, ಹಕ್ಕೇ. ಹಟ ಮಾಡುವವರನ್ನೆಲ್ಲ ಬುದ್ಧಿ ಸ್ವಾಧೀನದಲ್ಲಿಲ್ಲ ಎನ್ನುವುದಾದರೆ ಡಾಕ್ಟರಮ್ಮನ ಅತ್ತೆಯನ್ನು ಮೊದಲು ಒಳಗೆ ಹಾಕಬೇಕಾಗುತ್ತಿತ್ತು.

ಐದನೇ ಸಲ ವಾರ್ಡಿಗೆ ಹೋದಾಗ ನರ್ಸು ದೂರು ಹೇಳಿದಳು. ‘ತೂಕದ ಯಂತ್ರ ಸುಳ್ಳಂತೆ, ಡಾಕ್ಟ್ರೇ. ಬೆಳಿಗ್ಗೆಯಿಂದ ಅದೇ ರಾಗ.’

‘ಸುಳ್ಳೇ,’ ಎಂದಳು ಹುಡುಗಿ ಮಂಚದಿಂದ. ತಕ್ಕಡಿ ರಿಪೇರಿ ಮಾಡುವವನ ಮಗಳು, ಅಪ್ಪನ ಅಂಗಡಿಯಲ್ಲೇ ಕೆಲಸ ಕಲಿತವಳು. ‘ನಿನ್ನೆ ನಮ್ಮ ಅಂಗಡೀಲಿ ಮೂವತ್ತು. ಇಲ್ಲಿ ಮೂವತ್ತಮೂರು. ಏನೂ ತಿನ್ನದೆ ಒಂದೇ ದಿನಕ್ಕೆ ಮೂರು ಕಿಲೋ ಏರತ್ತಾ?’

ಡಾಕ್ಟರಮ್ಮನ ಮನಸ್ಸಿನಲ್ಲಿ ಆಸೆಯೊಂದು ತಲೆಯೆತ್ತಿತು, ಅದೂ ನಾಚಿಕೆಗೆಟ್ಟ ಆಸೆ. ಇವಳ ಮಾತು ಸುಳ್ಳಾಗಲಿ. ಕಣ್ಣೆದುರಿನ ಅಂಕಿಯನ್ನೂ ನಂಬದವಳು ಎಂದು ಬರೆದು ಇವಳನ್ನು ಉಳಿಸಿಕೊಳ್ಳಬಹುದು.

‘ನಿಮ್ಮಪ್ಪನ್ನ ಕರೆಸ್ತೀನಿ. ಪರೀಕ್ಷೆ ಮಾಡಿಬಿಡಿ,’ ಎಂದರು.

ಅಪ್ಪ ತೂಕ ಸರಿಯಿದೆಯೇ ನೋಡುವ ಇಪ್ಪತ್ತು ಕಿಲೋದ ಬಟ್ಟು ಹೊತ್ತು ಏದುಸಿರು ಬಿಡುತ್ತ ಬಂದ. ಖಾಲಿ ಯಂತ್ರ ಸೊನ್ನೆ ತೋರಿಸುತ್ತಿತ್ತು. ಬಟ್ಟು ಇಟ್ಟೊಡನೆ ಮುಳ್ಳು ಇಪ್ಪತ್ತೆರಡಕ್ಕೆ ಹೋಗಿ ನಿಂತಿತು. ನರ್ಸು ಬೆಳಿಗ್ಗೆ ತೂಕ ಬರೆದುಕೊಂಡಿದ್ದ ಹಾಳೆಯನ್ನು ಮಡಚಿಕೊಂಡಳು.

ಹುಡುಗಿ ನೆಲದ ಮೇಲೆ ಕೂತು ಯಂತ್ರದ ಹಿಂಬದಿ ತೆರೆದಳು. ಕಡ್ಡಿಯಂಥ ಬೆರಳುಗಳಿಂದ ಸ್ಕ್ರೂ ಹಿಡಿದಳು. ಇಷ್ಟು ತಿರುಗಿಸಿದಳು, ಅಷ್ಟು ಸಡಿಲಿಸಿದಳು. ಮುಳ್ಳು ಇಪ್ಪತ್ತಕ್ಕೆ ಬಂತು. ಅಪ್ಪ ಬಟ್ಟು ಇಳಿಸಿದ ಮೇಲೆ ಗೋಡೆ ಹಿಡಿದು ಎದ್ದು ತಾನೇ ಯಂತ್ರ ಹತ್ತಿದಳು.

ಮೂವತ್ತು.

ಅಪ್ಪ ಕಣ್ಣು ಮುಚ್ಚಿಕೊಂಡ. ಹುಡುಗಿ ಮಾತ್ರ ನಕ್ಕಳು. ನಾನೇ ಗೆದ್ದೆ ಎಂಬ ನಗು ಅದಲ್ಲ. ಕಳೆದುಹೋದ ಮಗು ಸಿಕ್ಕಿದಾಗ ತಾಯಿ ನಗುತ್ತಾಳಲ್ಲ, ಹಾಗಿತ್ತು. ‘ಅಬ್ಬ, ಏರಿಲ್ಲ,’ ಎಂದಳು.

ಡಾಕ್ಟರಮ್ಮ ಅವಳ ಪಕ್ಕಕ್ಕೆ ಬಂದರು. ‘ಬೇರೆ ಯಾವುದಾದ್ರೂ ಹುಡುಗಿ ಇದೇ ಎತ್ತರ, ಇದೇ ತೂಕ ಇದ್ದಿದ್ರೆ ನೀನೇನು ಹೇಳ್ತಿದ್ದೆ?’

‘ಮನೆಗೆ ಬಿಡಬೇಡಿ. ಸತ್ತುಹೋಗ್ತಾಳೆ.’

‘ನೀನು?’

‘ನಾನು ಸಾಯಲ್ಲ. ನಂಗೆ ಇನ್ನೂ ಒಂದು ಕಿಲೋ ಇಳಿದ್ರೆ ಸಾಕು.’

‘ಸಾವು ಬರತ್ತೆ ಅಂತ ಬೆಳಿಗ್ಗೆ ನೀನೇ ಹೇಳಿದ್ಯಲ್ಲಮ್ಮ.’

‘ಬರತ್ತೆ,’ ಎಂದಳು ತಾಳ್ಮೆಯಿಂದ, ದಡ್ಡ ಮಗುವಿಗೆ ಲೆಕ್ಕ ಹೇಳಿಕೊಡುವವಳಂತೆ. ‘ಅಷ್ಟು ಸಣ್ಣಗಾದವರಿಗೆ.’

ಮೂರೂವರೆಗೆ ಡಾಕ್ಟರಮ್ಮ ಹಳೆಯ ಸಾಲು ಹೊಡೆದುಹಾಕಿ ಹೊಸದು ಬರೆದರು. ಈ ಒಂದು ವಿಷಯದಲ್ಲಿ ಮಾತ್ರ, ಈಗ ಮಾತ್ರ, ನಿರ್ಧರಿಸುವ ಶಕ್ತಿ ಇಲ್ಲ. ವಾರ ಬಿಟ್ಟು ಮತ್ತೆ ನೋಡತಕ್ಕದ್ದು. ಸಹಿ ಹಾಕಿದ ಮೇಲಾದರೂ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಬೆನ್ನ ಹಿಂದೆ ಹೇಳುವುದು ಬೇಡವೆಂದು ತಾವೇ ಹೋಗಿ ಅವಳೆದುರು ಓದಿದರು.

ಹುಡುಗಿ ತಕ್ಕಡಿಯ ಕಡೆ ನೋಡಿದಳು. ‘ನಾನು ತಕ್ಕಡಿ ವಿಷಯ ಎತ್ತದೇ ಇದ್ದಿದ್ರೆ ಮನೆಗೆ ಹೋಗ್ತಿದ್ನಾ?’

ಸುಳ್ಳು ಹೇಳಬಹುದಿತ್ತು. ‘ಹೋಗ್ತಿದ್ದೆ,’ ಎಂದರು ಡಾಕ್ಟರಮ್ಮ.

ಹುಡುಗಿ ಗೋಡೆಯ ಕಡೆ ಹೊರಳಿದಳು. ಕಣ್ಣೀರು ಮೂಗಿನ ಮೇಲಿಂದ ಇಳಿದು ದಿಂಬು ಸೇರುತ್ತಿತ್ತು. ನರ್ಸು ಕೊಳವೆ ತಂದು ನಿಂತಾಗ ಅವಳು ತಿರುಗದೆಯೇ ಕೇಳಿದಳು:

‘ಆ ತಕ್ಕಡೀಲಿ ಇನ್ನೆಷ್ಟು ಜನರನ್ನ ತೂಗಿ ಮನೆಗೆ ಕಳಿಸಿದ್ದೀರಿ, ಡಾಕ್ಟ್ರೇ?’