ಎಡಪ್ಪಾಡಿ ಬೂತಿನಲ್ಲಿ ಅರಳದ ಕಮಲ

ಮೈತ್ರೇಯಿಯ ವೆಬ್‌ಸೈಟ್ ನೋಡಿದವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಪೂರ್ತಿ ಆಗಿದೆಯಾ, ಇನ್ನೂ ಆಗಬೇಕಾ? ಬೂದು ಬಣ್ಣದ ಹಿನ್ನೆಲೆ, ಕಪ್ಪು ಅಕ್ಷರ, ಅಲ್ಲಲ್ಲಿ ನೀಲಿ ಗೆರೆ ಎಳೆದ ಪದ. ಚಿತ್ರ ಅನ್ನೋದು ಮದ್ದಿಗೆ ಬೇಕೆಂದರೂ ಇಲ್ಲ. ಪೂರ್ತಿ ಆಗಿದೆ ಅಂತಲೇ ಅವಳು ಎಲ್ಲರಿಗೂ ಹೇಳುತ್ತಿದ್ದಳು. ಹೇಳುವಾಗ ಮೂಗಿನ ತುದಿ ಕೆಂಪಾಗುತ್ತಿತ್ತು.

ಸೇಲಂ ಟೆಲಿಫೋನ್ ಇಲಾಖೆಯಲ್ಲಿ ಅವಳಿಗೆ ಕೆಲಸ, ಅದು ಹೊಟ್ಟೆಪಾಡು. ಭಾನುವಾರದ ಕೆಲಸವೇ ಬೇರೆ. ಧರ್ಮಪುರಿಯ ಕಾಲೇಜಿನಲ್ಲಿ ಪಾಠ ಹೇಳುವ ಚಿನ್ನರಾಜ್, ಅವಳು, ಇನ್ನೂ ಇಬ್ಬರು ಗೆಳೆಯರು ಸೇರಿ ಕೈಮಗ್ಗದವರಿಗೆ ಅಂತ ‘ಹೊಕ್ಕು’ ಅನ್ನೋ ಸಾಫ್ಟ್‌ವೇರ್ ಮಾಡಿದ್ದರು. ಸೀರೆ ಅಂಚಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದರೆ ಸಾಕು, ಮಗ್ಗದ ಮೇಲೆ ಕೂರುವ ರಟ್ಟಿನ ಅಟ್ಟೆಗಳಲ್ಲಿ ಎಲ್ಲೆಲ್ಲಿ ತೂತು ಹೊಡೆಯಬೇಕು ಅಂತ ಅದು ಅಚ್ಚು ಹಾಕಿ ಕೊಡುತ್ತಿತ್ತು. ಮಾಡಿದವರಿಗೆ ಸಂಬಳವಿಲ್ಲ, ಇಳಿಸಿಕೊಂಡವರಿಗೆ ಖರ್ಚಿಲ್ಲ. ತಾರಮಂಗಲಂ, ಎಡಪ್ಪಾಡಿ ಕಡೆಯ ಮಗ್ಗದ ಮನೆಗಳಿಗೆ ಅದು ಹೋಗುತ್ತಿದ್ದದ್ದು ಆ ಬೂದು ಪುಟದ ಮೂಲಕವೇ.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಆ ಗುಂಪಿಗೆ ಭರತ್ ಬಂದ. ಮೈತ್ರೇಯಿಯ ಚಿಕ್ಕಪ್ಪನ ಮಗ, ಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಮೇಷ್ಟ್ರು. ಬಂದವನು ಸುಮ್ಮನೆ ಕೂತಾನೆಯೇ? ಒಂದು ಭಾನುವಾರ ಹೊಸ ವೆಬ್‌ಸೈಟನ್ನೇ ಮಾಡಿ ಸಿ.ಡಿ.ಯಲ್ಲಿ ತಂದು, ಅವಳ ಮನೆಯ ಕಂಪ್ಯೂಟರಿಗೇ ಹಾಕಿ ತೋರಿಸಿದ. ಮೊದಲು ಕತ್ತಲೆ. ಅದರೊಳಗಿಂದ ಕೆಂಪು ಕಮಲ ದಳ ದಳವಾಗಿ ಬಿಚ್ಚಿಕೊಂಡಿತು, ವೀಣೆ ನುಡಿಯಿತು, ಆಮೇಲೆ ‘ಒಳಗೆ ಬನ್ನಿ’ ಅನ್ನೋ ಗುಂಡಿ ಮೂಡಿತು. ಗುಂಡಿ ಒತ್ತಿದರೆ ಮಾತ್ರ ಒಳಗಿನ ಪುಟ. ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡಿದರು. ಕಾಫಿ ತಂದ ಮೈತ್ರೇಯಿಯ ತಾಯಿ ರಮಾಬಾಯಿ ಲೋಟ ಕೊಡುವುದನ್ನೇ ಮರೆತು ನಿಂತರು.

ಚೆನ್ನಾಗಿದೆ ಅಂತ ಮೈತ್ರೇಯಿಗೂ ಅನ್ನಿಸಿತು, ಅದೇ ಅವಳ ಸಂಕಟ. ಎಡಪ್ಪಾಡಿಯ ಫೋನ್ ಲೈನಿನಲ್ಲಿ ಇದು ಬರಲ್ಲ ಅಂದಳು. ಕಾಲ ಬದಲಾಯಿತು, ಲೈನೂ ಬದಲಾಗುತ್ತೆ, ನಾವು ಮಾತ್ರ ಹಳೇ ಗೋಡೆಗೆ ಸುಣ್ಣ ಹೊಡೆಯದೆ ಕೂರೋಣವಾ ಅಂತ ಭರತ್ ಕೇಳಿದ. ಉಳಿದವರೂ ಅವನ ಕಡೆಗೇ ವಾಲಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ರಮಾಬಾಯಿ ನಕ್ಕುಬಿಟ್ಟರು. ಸ್ವಂತ ತಾಯಿ! ಮೈತ್ರೇಯಿಗೆ ಎದೆಗೆ ಚುಚ್ಚಿದ ಹಾಗಾಯಿತು. ಮುದ್ದೇ ಇರಬಹುದೇನೋ, ಸುಳ್ಳು ಹಟ ಹಿಡಿದಿದ್ದೀನೇನೋ ಅನ್ನೋ ಅನುಮಾನ ಅವಳಿಗೂ ಹತ್ತಿತು.

“ಎಡಪ್ಪಾಡಿಗೇ ಹೋಗೋಣ,” ಅಂದಳು. “ನೇಕಾರರು ನಮ್ಮ ಪುಟ ತೆಗೆಯೋ ಆರುಮುಗಂನ ಫೋನ್ ಬೂತಿನಲ್ಲೇ ಎರಡನ್ನೂ ತೆಗೆದು ನೋಡೋಣ. ನಿನ್ನದು ಬಂದರೆ ಪಾಸ್‌ವರ್ಡ್ ನಿನ್ನ ಕೈಗೆ ಕೊಟ್ಟು ನಾನು ಬಿಟ್ಟುಬಿಡ್ತೀನಿ ಭರತ್. ಆಮೇಲೆ ಒಂದು ಮಾತೂ ಆಡಲ್ಲ.”

ದಿನ ಗೊತ್ತು ಮಾಡಿದವನು ಭರತ್. ಬರುವ ಭಾನುವಾರ ಅಮಾವಾಸ್ಯೆ. ಅಮಾವಾಸ್ಯೆಗೆ ನೇಕಾರರು ಮಗ್ಗಕ್ಕೆ ಕೂರುವುದಿಲ್ಲ, ಊರು ತಣ್ಣಗಿರುತ್ತೆ, ಲೈನು ಖಾಲಿ ಇರುತ್ತೆ ಅಂತ ಅವನ ಲೆಕ್ಕ. ಸೇಲಂನವರ ಬುದ್ಧಿ ನೋಡಿ! ಮೈತ್ರೇಯಿಯೂ ಅದಕ್ಕೆ ಹೂಂ ಅಂದಳು.

ಆ ದಿನಕ್ಕೆ ಇನ್ನೊಂದು ಗಂಟೂ ಇತ್ತು. ಎಡಪ್ಪಾಡಿಯ ಪುಷ್ಪಾ ಅಲ್ಲಿನ ನೇಕಾರರ ಸೊಸೈಟಿಗೆ ಅಂಚು ಬರೆದುಕೊಡುವವಳು. ಮದುವೆ ಸೀರೆಗೆ ಅನ್ನಪಕ್ಷಿಯ, ಅಂದರೆ ಹಂಸದ, ಸಾಲು ಬರೆದಿದ್ದಳು, ಆದರೆ ‘ಹೊಕ್ಕು’ವಿನಲ್ಲಿದ್ದ ಒಂದು ತಪ್ಪಿನಿಂದ ಎಡ ಅಂಚಿನ ಪಕ್ಷಿಗಳೆಲ್ಲ ಮುಖ ಹೊರಗೆ ತಿರುಗಿಸಿಕೊಂಡು ಹೊರಟಿದ್ದವು. ಮದುವೆ ಹೆಣ್ಣು ಅಂಥ ಸೀರೆ ಉಟ್ಟಾಳೆಯೇ? ಚಿನ್ನರಾಜ್ ತಪ್ಪು ತಿದ್ದಿದ್ದ. ತಿದ್ದಿದ್ದನ್ನು ಹಳೆಯ ವೆಬ್‌ಸೈಟಿನಲ್ಲೂ, ಬೇರೆ ವಿಳಾಸದಲ್ಲಿ ಏರಿಸಿದ್ದ ಭರತ್‌ನ ಹೊಸ ವೆಬ್‌ಸೈಟಿನಲ್ಲೂ ಇಟ್ಟಿದ್ದರು. ಸೋಮವಾರ ಬೆಳಗ್ಗೆ ಅಟ್ಟೆಗೆ ತೂತು ಹೊಡೆಯಲು ಶುರು, ಹೊಡೆದ ತೂತು ಮುಚ್ಚುವುದಿಲ್ಲ. ಫ್ಲಾಪಿಯಲ್ಲಿ ತರ್ತೀನಿ ಅಂದ ಚಿನ್ನರಾಜ್‌ಗೆ ಮೈತ್ರೇಯಿಯೇ ಬೇಡ ಅಂದಿದ್ದಳು. ನಾವು ಹೋಗದ ದಿನ ಅವರಿಗೆ ಫ್ಲಾಪಿ ಯಾರು ಕೊಡ್ತಾರೆ ಅಂತ ಅವಳ ವಾದ. ಭರತ್, ಚಿನ್ನರಾಜ್ ಜೊತೆ ಬಸ್ಸು ಹತ್ತಿದ ಮೇಲೆ ಅವಳಿಗೆ ಹೊಳೆಯಿತು: ತನ್ನ ಪುಟವೂ ಬರದೆ ಹೋದರೆ ಪುಷ್ಪಾಳ ಕೆಲಸ ಕೆಡುವುದು ತನ್ನ ಹಟದಿಂದ.

ಎಡಪ್ಪಾಡಿಯಲ್ಲಿ ಇಳಿದು ನೋಡಿದರೆ ಬೂತಿನ ಮುಂದೆ ಜಾತ್ರೆ. ಮಗ್ಗ ನಿಂತ ದಿನವೇ ಅಲ್ಲವೇ ಜನಕ್ಕೆ ನೆಂಟರಿಗೆ ಫೋನ್ ಮಾಡಲು ಪುರುಸೊತ್ತು! ಭರತ್ ಮುಖ ಹುಳ್ಳಗಾಯಿತು. ಆರುಮುಗಂ ಎಲ್ಲರನ್ನೂ ಸಾಲಲ್ಲಿ ಕೂರಿಸಿ, ಪುಷ್ಪಾಳ ಸರದಿ ಬಂದಾಗ ಫೋನಿನ ವೈರು ಕಿತ್ತು ಹಿಂದಿನ ಕಂಪ್ಯೂಟರಿಗೆ ಸಿಕ್ಕಿಸಿದ. ಇದ್ದದ್ದು ಅದೊಂದೇ ಲೈನು.

ಭರತ್‌ನ ಪುಟ ಮೊದಲು. ಕತ್ತಲೆ ಬಂತು. ಬಹಳ ಹೊತ್ತಿಗೆ ಕಮಲದ ದಂಟು ಬಂತು, ಎರಡು ದಳ ಬಂದವು. ಅಷ್ಟರಲ್ಲಿ ಗಂಗಲಕ್ಷ್ಮಮ್ಮ ಅನ್ನೋ ಹೆಂಗಸು ಓಡಿಬಂದಳು, ಮಗಳನ್ನು ಬೆಳಗ್ಗೆ ಮೆಟ್ಟೂರಿನ ಆಸ್ಪತ್ರೆಗೆ ಹೆರಿಗೆಗೆ ಸೇರಿಸಿದ್ದರಂತೆ. ಆರುಮುಗಂ ಯಾರನ್ನೂ ಕೇಳಲಿಲ್ಲ, ವೈರು ಕಿತ್ತು ಫೋನಿಗೆ ಹಾಕಿದ. ಕಮಲ ಅಲ್ಲಿಗೇ ನಿಂತಿತು.

“ಒಂದು ನಿಮಿಷ ತಡೀಬಾರದಾ?” ಅಂದ ಭರತ್.

“ಸಾವಿಗೂ ಉಟ್ಟಿಗೂ ಈ ಬೂತಲ್ಲಿ ಸರದಿ ಇಲ್ಲ ತಂಬಿ,” ಅಂದ ಆರುಮುಗಂ. “ನಮ್ಮಪ್ಪನ ಕಾಲದಿಂದ ಇಂಗೇ ಐತೆ.”

ಇನ್ನೂ ಆಗಿಲ್ಲ, ಆಮೇಲೆ ಮಾಡಿ ಅಂದರಂತೆ ಆಸ್ಪತ್ರೆಯವರು. ವೈರು ಹಿಂದಕ್ಕೆ ಬಂತು, ಕಮಲ ಮತ್ತೆ ದಂಟಿನಿಂದ ಶುರು. ಅರ್ಧ ಅರಳಿತ್ತು, ಬೀದಿಯ ಹಿರೀಕರೊಬ್ಬರು ತೀರಿಕೊಂಡ ಸುದ್ದಿ ತಾರಮಂಗಲಕ್ಕೆ ಮುಟ್ಟಿಸಬೇಕು ಅಂತ ಇಬ್ಬರು ಬಂದರು. ಮತ್ತೆ ದಂಟು. ಮೂರನೇ ಸಲ ದಳಗಳೆಲ್ಲ ಬಂದವು. ಇನ್ನು ‘ಒಳಗೆ ಬನ್ನಿ’ ಗುಂಡಿಯೊಂದೇ ಬಾಕಿ. ಭರತ್ ಕುರ್ಚಿಯ ತುದಿಗೆ ಬಂದಿದ್ದ. ಆಗ ಬಾಗಿಲಲ್ಲಿ ಗಂಗಲಕ್ಷ್ಮಮ್ಮ ಬಂದು ನಿಂತಳು. ಸೆರಗಿನ ತುದಿ ಹಿಂಡಿಕೊಂಡು ಫೋನನ್ನೇ ನೋಡಿದಳು. ಭರತ್ ಅವಳನ್ನು ನೋಡಿದ, ಕಮಲವನ್ನು ನೋಡಿದ. ಆರುಮುಗಂ ಏಳುವ ಮುಂಚೆ ತಾನೇ ಎದ್ದು ವೈರು ಕಿತ್ತು ಕೊಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಆದರೆ ಆ ಕ್ಷಣದಲ್ಲಿ ಮೈತ್ರೇಯಿಗೆ ತಮ್ಮನ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

ಡಾಕ್ಟ್ರು ಒಳಗಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಮಾಡಿ ಅಂತ ಉತ್ತರ ಬಂತು. ಗಂಗಲಕ್ಷ್ಮಮ್ಮ ಅಲ್ಲೇ ಬೆಂಚಿನ ಮೇಲೆ ಕೂತಳು.

“ಈಗ ನಿಂದು ಹಾಕಕ್ಕ,” ಅಂದ ಭರತ್.

ಮೈತ್ರೇಯಿ ವಿಳಾಸ ಹೊಡೆದಳು. ಮಾಡೆಮ್ ಕೀರಲಾಗಿ ಕೂಗಿ ಸುಮ್ಮನಾಯಿತು. ಬೂದು ಬಂತು, ಅಕ್ಷರ ಬಂತು, ನೀಲಿ ಗೆರೆ ಬಂತು. ಅಷ್ಟೇ, ಪುಟ ಪೂರ್ತಿ! ಪುಷ್ಪಾ ನೀಲಿ ಪದ ಒತ್ತಿದಳು, ಸಾಫ್ಟ್‌ವೇರ್ ಇಳಿಯತೊಡಗಿತು. ಇತ್ತ ಬೆಂಚಿನ ಮೇಲೆ ಗಂಗಲಕ್ಷ್ಮಮ್ಮ ಚಡಪಡಿಸುತ್ತಿದ್ದಳು. ಅವಳು ಎದ್ದರೆ ವೈರು ಕೊಡಲೇಬೇಕು, ಕೊಡುತ್ತೇನೆ ಅಂತ ಮೈತ್ರೇಯಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಕಂಡ ಕಂಡ ದೇವರಿಗೆಲ್ಲ ಕೈಮುಗಿದದ್ದೂ ಉಂಟು. ಕೊನೆಗೆ ಗಂಗಲಕ್ಷ್ಮಮ್ಮ ಎದ್ದೇಬಿಟ್ಟಳು. ಅವಳು ಬಾಗಿಲು ದಾಟಿ ಬರುವುದರೊಳಗೆ ಪರದೆಯ ಮೇಲೆ ಇಳಿದಾಯಿತು ಅಂತ ಬಂತು. ವೈರನ್ನು ಕಿತ್ತು ಎರಡೂ ಕೈಯಲ್ಲಿ ಹಿಡಿದು ಕೊಟ್ಟವಳು ಮೈತ್ರೇಯಿಯೇ.

ಪುಷ್ಪಾ ತನ್ನ ಅಂಚನ್ನು ತೆರೆದಳು. ಎಡಗಡೆಯ ಅನ್ನಪಕ್ಷಿಗಳೆಲ್ಲ ಮುಖ ಒಳಗೆ ಮಾಡಿ ಬಲಗಡೆಯವನ್ನು ನೋಡುತ್ತಾ ನಿಂತಿದ್ದವು. ಅವಳು ಬಾಯಿಗೆ ಕೈ ಇಟ್ಟುಕೊಂಡಳು. “ಅಕ್ಕಾ, ಸರಿಯಾಗೈತೆ, ನೋಡಿ, ಪಾರುಂಗ!” ಅಂತ ಕನ್ನಡವೂ ತಮಿಳೂ ಒಂದೇ ಉಸಿರಿಗೆ ಬಂದವು. ಮುಂದಿನ ಕೋಣೆಯಲ್ಲಿ ಗಂಗಲಕ್ಷ್ಮಮ್ಮ ಫೋನಿಗೆ “ಎಣ್ಣಾ? ಎಣ್ಣು ಮಗುನಾ?” ಅಂತ ಕೂಗಿ ಕೇಳುತ್ತಿದ್ದಳು. ತಾಯಿ ಮಗು ಚೆನ್ನಾಗಿದ್ದಾರೆ ಅಂತ ಅವಳು ಅಳುತ್ತಾ ನಗುತ್ತಾ ಹೇಳಿದಾಗ ಸಾಲಿನಲ್ಲಿದ್ದವರೆಲ್ಲ ತಮ್ಮ ಮನೆಯ ಮಗುವೇ ಹುಟ್ಟಿದ ಹಾಗೆ ಗದ್ದಲ ಎಬ್ಬಿಸಿದರು. ಆರುಮುಗಂ ಎಲ್ಲರಿಗೂ ಟೀ ತರಿಸಿದ. ಅಚ್ಚು ಯಂತ್ರ ಕರಕರ ಅಂತ ಪುಷ್ಪಾಳ ಅಟ್ಟೆಯ ಲೆಕ್ಕ ಹೊಡೆಯುತ್ತಲೇ ಇತ್ತು.

ಬಸ್ ಸ್ಟ್ಯಾಂಡಿನಲ್ಲಿ ಚಿನ್ನರಾಜ್ ಮಾತು ತೆಗೆದ. ಕಮಲವನ್ನು ಸಣ್ಣದು ಮಾಡಿ ಮೂಲೆಯಲ್ಲಿ ಇಡಬಹುದೇನೋ, ಪಾಪ, ಹುಡುಗ ಕಷ್ಟಪಟ್ಟಿದ್ದಾನೆ ಅಂದ.

“ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಾ?” ಅಂತ ಅವನ ಮೇಲೆ ಹರಿಹಾಯ್ದವನು ಬೇರೆ ಯಾರೂ ಅಲ್ಲ, ಭರತ್. “ಅಲ್ಲಿ ಒಂದು ಚುಕ್ಕಿ ಕೂಡ ಜಾಸ್ತಿ ಆಗಕೂಡದು. ಆ ವೈರು ನನ್ನ ಕೈಯಾರೆ ಕಿತ್ತಿದ್ದೀನಿ, ನನಗೆ ಗೊತ್ತು. ಅಕ್ಕಾ, ನಾಳೆ ನಾನೇ ಬಂದು ಕೇಳಿದರೂ ಪಾಸ್‌ವರ್ಡ್ ಕೊಡಬೇಡ.”

ಇಂಥ ಹೊತ್ತಿನಲ್ಲಿ ದೊಡ್ಡವರು ವಿನಯದಿಂದ ಏನಾದರೂ ಹೇಳಬೇಕು. ಮೈತ್ರೇಯಿಗೆ ವಿನಯ ಬರಲಿಲ್ಲ, ಬರಲಿ ಅಂತ ಅವಳು ಕಾಯಲೂ ಇಲ್ಲ. “ಗೆದ್ದೆ ಕಣೋ,” ಅಂದಳು ಬಾಯಿಬಿಟ್ಟು, ಬಸ್ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡುವ ಹಾಗೆ. ಕಿಟಕಿ ಪಕ್ಕದ ಸೀಟು ಹಿಡಿದು ತಾರಮಂಗಲದವರೆಗೂ ನಗುತ್ತಲೇ ಹೋದಳು.