ಎರಡು ಮೂಟೆ ಬೆಡ್‌ಶೀಟು

ಲಾಂಡ್ರಿಯ ಒಡತಿ ಎಲ್ಲ ಲೆಕ್ಕವನ್ನೂ ಬೆಡ್‌ಶೀಟಿನಲ್ಲೇ ಹಾಕುವವಳು. ಮಗಳ ಹಲ್ಲಿಗೆ ತಂತಿ ಹಾಕಿಸಿದ್ದು ಆರುನೂರು ಬೆಡ್‌ಶೀಟು. ವ್ಯಾನಿನ ಗೇರ್‌ಬಾಕ್ಸ್ ಬದಲಾಯಿಸಿದ್ದು ಸಾವಿರದ ಇನ್ನೂರು. ಈಗ ಮಗಳ ಓದಿನ ಸರದಿ. ಕಾಲೇಜು ಇರುವ ಆ ಸಣ್ಣ ಊರಿನಲ್ಲಿ ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಸಾವಿರ ಬೆಡ್‌ಶೀಟು ತೊಳೆದರೆ ಸಾಕು. ನಗರದ ವಿಶ್ವವಿದ್ಯಾಲಯದಲ್ಲಿ ಎಲ್ಲಕ್ಕೂ ಬೆಂಕಿ ಬೆಲೆ, ಆದರೆ ಅವರು ಅರ್ಧ ಫೀಸು ಮಾಫಿ ಮಾಡಿದ್ದರು. ಕೂಡಿ ಕಳೆದು ನೋಡಿದರೆ ಅಲ್ಲೂ ಅದೇ ನಾಲ್ಕು ಸಾವಿರ. ಮತ್ತೆ ಮತ್ತೆ ಲೆಕ್ಕ ಹಾಕಿದಳು. ದುಡ್ಡು ಯಾರ ಪರವೂ ಮಾತಾಡದೆ ಕೈ ತೊಳೆದುಕೊಂಡು ಕೂತಿತು.

"ಅಂದ್ರೆ ಈಗ ನಾವೇ ಯೋಚನೆ ಮಾಡಬೇಕಾ?" ಎಂದ ಅವಳ ಅಣ್ಣ, ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲವೆಂಬಂತೆ. ಲಾಂಡ್ರಿಯಲ್ಲಿ ಇಸ್ತ್ರಿ ಮೆಷಿನ್ ಅವನದು. ಮೆಷಿನ್ನಿನ ಬಿಸಿಗೆ ಮುಖ ಕೆಂಪಾಗಿರುತ್ತಿತ್ತು, ಬಾಯಿ ಮಾತ್ರ ಎಂದೂ ತಣ್ಣಗಾದದ್ದಿಲ್ಲ.

ಮಗಳನ್ನು ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದರು. ಎರಡೂ ಕಡೆ ಸೀಟು ಸಿಕ್ಕಿತೆಂದು ತಿಳಿದ ದಿನದಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಬೆಳಿಗ್ಗೆ ನಗರ ಎನ್ನುವಳು, ಮಧ್ಯಾಹ್ನ ಸಣ್ಣ ಊರು ಎನ್ನುವಳು, ಸಂಜೆ ಎರಡೂ ಕಡೆ ಓದೋಕೆ ಆಗಲ್ವಾ ಎನ್ನುವಳು. ಅವಳಪ್ಪ ದೂರದ ಲಾರಿ ಓಡಿಸುವವನು, ಎಲ್ಲಿಂದಲೋ ಫೋನಿನಲ್ಲಿ, "ನೀವಿಬ್ಬರೂ ಒಪ್ಪಿದ್ದಕ್ಕೆ ನಾನೂ ಒಪ್ಪಿದ ಹಾಗೆ" ಎಂದು ಹೇಳಿ ಜಾರಿಕೊಂಡಿದ್ದ. ಬುಧವಾರ ಮಧ್ಯಾಹ್ನದೊಳಗೆ ಎರಡರಲ್ಲೊಂದಕ್ಕೆ ಹೂಂ ಅನ್ನಬೇಕು.

"ಸೋಮವಾರ ಹೋಗಿ ನೋಡಿಕೊಂಡು ಬರೋಣ. ಎರಡೂ ಕಡೆಯಿಂದ ಒಂದೊಂದು ಮೂಟೆ ತರೋಣ" ಎಂದಳು ತಾಯಿ.

ಅದು ಅವಳ ಕೆಲಸದ ಪದ್ಧತಿ. ಹೊಸ ಹೋಟೆಲೋ ಆಸ್ಪತ್ರೆಯೋ ಬಟ್ಟೆ ಕೊಡುತ್ತೇವೆಂದರೆ ಮೊದಲು ಒಂದು ಮೂಟೆ ಕೊಳೆ ಬಟ್ಟೆ ತಂದು ಪುಕ್ಕಟೆ ತೊಳೆದು ಕೊಡುವಳು. ಆ ಮೇಲೇ ದರದ ಮಾತು. ಒಂದು ಮೂಟೆ ಬಿಚ್ಚಿದರೆ ಸಾಕು, ಆ ಜಾಗದ ಜನ ಎಂಥವರು, ಮೇಲಿನವರು ಎಂಥವರು, ದುಡ್ಡು ಸರಿಯಾಗಿ ಕೊಡುತ್ತಾರೋ ಸತಾಯಿಸುತ್ತಾರೋ, ಎಲ್ಲ ಗೊತ್ತಾಗುತ್ತದೆ ಎಂಬುದು ಅವಳ ನಂಬಿಕೆ.

ಅಣ್ಣ ಹಣೆ ಚಚ್ಚಿಕೊಂಡ. "ಬೇರೆಯವರು ಲೈಬ್ರರಿ ನೋಡ್ತಾರೆ, ಮೇಷ್ಟ್ರನ್ನ ವಿಚಾರಿಸ್ತಾರೆ. ನಿನ್ನಮ್ಮ ಹಾಸಿಗೆ ಕೊಳೆ ನೋಡೋಕೆ ಹೊರಟಿದ್ದಾಳೆ ನೋಡೇ ಬುಗುರಿ!"

"ಲೈಬ್ರರಿನ ಯಾರಾದ್ರೂ ಬಂದಾಗ ಗುಡಿಸಿ ಇಡ್ತಾರೆ ಅಣ್ಣ. ಬೆಡ್‌ಶೀಟ್‌ನ ಯಾರೂ ನಮಗೋಸ್ಕರ ತಯಾರು ಮಾಡಲ್ಲ."

ಸೋಮವಾರ ಬೆಳಕು ಹರಿಯುತ್ತಲೇ ತಾಯಿ ಮಗಳು ವ್ಯಾನಿನಲ್ಲಿ ಹೊರಟರು. ಮೊದಲು ಸಣ್ಣ ಊರು. ಊರೆಂದರೆ ಕಾಲೇಜು, ಕಾಲೇಜೆಂದರೆ ಊರು. ಗೇಟಿನ ಎದುರಿಗೇ ಪುಸ್ತಕದಂಗಡಿ, ಪಕ್ಕದಲ್ಲಿ ಸೈಕಲ್ ರಿಪೇರಿ, ಒಳಗೆ ದೊಡ್ಡ ಮರಗಳ ಸಾಲು, ಹುಲ್ಲಿನ ಮೈದಾನ, ಗಂಟೆ ಹೊಡೆಯುವ ಗಡಿಯಾರದ ಗೋಪುರ. ದಾರಿಯಲ್ಲಿ ಸಿಕ್ಕ ಮಾಲಿ ಕೂಡ ಯಾರಮ್ಮ, ಹೊಸಬರಾ ಎಂದು ಮಾತಾಡಿಸಿದ. ಬುಗುರಿ ಗೋಪುರದ ಕೆಳಗೆ ನಿಂತು ಬಾಯಿ ತೆರೆದು ಮೇಲೆ ನೋಡಿದಳು. "ಅಮ್ಮಾ, ಇಲ್ಲೇ! ಇನ್ನೇನೂ ನೋಡೋದು ಬೇಡ."

"ಬಾಯಿ ಮುಚ್ಚು, ಹಕ್ಕಿ ಏನಾದ್ರೂ ಹಾಕೀತು" ಎಂದಳು ತಾಯಿ. ಅವಳಿಗೂ ಖುಷಿಯಾಗಿತ್ತು.

ಹಾಸ್ಟೆಲಿನ ವಾರ್ಡನ್ ಅಕ್ಕರೆಯ ಹೆಂಗಸು. ಪುಕ್ಕಟೆ ತೊಳೆದು ಕೊಡುತ್ತೇನೆಂದ ತಾಯಿಗೆ ಮೂಟೆ ಕೊಡುತ್ತಾ, "ಶುಕ್ರವಾರ ಹಾಸಿದ್ದು, ಇವತ್ತು ಬೆಳಿಗ್ಗೆ ತೆಗೆಸಿದ್ದು" ಎಂದಳು. ಗೇಟಿನ ಬಳಿ ಖಾಲಿಯಾಗಿ ನಿಂತ ಎರಡು ಬಸ್ಸು ತೋರಿಸಿ, "ಶುಕ್ರವಾರ ಸಂಜೆ ನಿಮ್ಮ ಕಡೆಗೂ ಒಂದು ಹೊರಡುತ್ತೆ" ಎಂದೂ ಹೇಳಿದಳು. ತಾಯಿ ಮೂಟೆಗೆ ಹಸಿರು ದಾರ ಕಟ್ಟಿದಳು.

ನಗರ ತಲುಪುವ ಹೊತ್ತಿಗೆ ಮಧ್ಯಾಹ್ನ. ವಿಶ್ವವಿದ್ಯಾಲಯದ ಗೇಟು ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಟ್ರಾಫಿಕ್ ಪೊಲೀಸನನ್ನು ಕೇಳಿದರೆ, "ಗೇಟಾ? ಗೇಟೇ ಇಲ್ಲಮ್ಮ. ನೀವು ಆಗಲೇ ಒಳಗಿದ್ದೀರಿ, ವ್ಯಾನ್ ತೆಗೀರಿ" ಎಂದು ಸೀಟಿ ಊದಿದ. ಬ್ಯಾಂಕಿನ ಮೇಲೆ ಗಣಿತ, ಚಪ್ಪಲಿ ಅಂಗಡಿಯ ಹಿಂದೆ ಜೀವಶಾಸ್ತ್ರ, ರಸ್ತೆಯಾಚೆ ಆಸ್ಪತ್ರೆಯೊಳಗೇ ಲ್ಯಾಬು. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹುಡುಗ ಹುಡುಗಿಯರು ಸಿಗ್ನಲ್ ದಾಟಿಕೊಂಡು ಓಡುತ್ತಿದ್ದರು. ಬುಗುರಿ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ್ದಳು. "ಅಮ್ಮಾ, ಇಲ್ಲೇ!"

"ಬೆಳಿಗ್ಗೆಯೂ ಇದನ್ನೇ ಹೇಳಿದ್ದೆ."

"ಅದು ಬೆಳಿಗ್ಗೆ!"

ಹಾಸ್ಟೆಲು ಏಳನೇ ಮಹಡಿಯಲ್ಲಿ. ಇಲ್ಲಿನ ವಾರ್ಡನ್ನಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ಇಲ್ಲೂ ಬೆಡ್‌ಶೀಟು ಶುಕ್ರವಾರ ಹಾಸಿ ಸೋಮವಾರ ತೆಗೆಯುವುದೇ. "ಅಲ್ಲಿದೆ, ತಗೊಂಡು ಹೋಗಿ" ಎಂದು ಬೆರಳು ತೋರಿಸಿದಳು. ಕೆಂಪು ದಾರ ಕಟ್ಟಿದ ಮೂಟೆಯ ಜೊತೆ ಲಿಫ್ಟಿನಲ್ಲಿ ತಾಯಿ, ಮಗಳು, ಐದು ಜನ ಹುಡುಗಿಯರು. ಐವರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ನಾಲ್ಕನೇ ಮಹಡಿ ಬರುವಷ್ಟರಲ್ಲಿ ಬುಗುರಿಯೂ ಆ ಗದ್ದಲಕ್ಕೆ ಸೇರಿಹೋಗಿದ್ದಳು.

ಮಂಗಳವಾರ ಬೆಳಿಗ್ಗೆ ಲಾಂಡ್ರಿಯ ಉದ್ದನೆಯ ಮೇಜಿನ ಮೇಲೆ ಎರಡು ಮೂಟೆಯೂ ಬಿದ್ದವು. ಮೂವರೂ ಸುತ್ತ ನಿಂತರು. ಅಣ್ಣನೂ ಇಸ್ತ್ರಿ ಮೆಷಿನ್ ಆರಿಸಿ ಬಂದಿದ್ದ. ತಮಾಷೆ ಮಾಡಿದ್ದು ಎಷ್ಟೇ ಇರಲಿ, ನೋಡುವ ಚಪಲ ಬಿಟ್ಟೀತೇ?

ಮೊದಲು ಕೆಂಪು ದಾರ. ತಾಯಿ ಒಂದೊಂದೇ ಹರಡುತ್ತಾ ಹೋದಳು. ಕಾಫಿ. ಇಂಕು. ಮತ್ತೆ ಕಾಫಿ. ಒಂದೇ ಬೆಡ್‌ಶೀಟಿನಲ್ಲಿ ನಾಲ್ಕು ಲೋಟದ ಗುಂಡು ಗುರುತು. ಒಂದರಲ್ಲಿ ಉಗುರು ಬಣ್ಣ, ಒಂದರಲ್ಲಿ ಸಾಕ್ಷಾತ್ ಬೂಟಿನ ಹೆಜ್ಜೆ.

"ಹಾಸಿಗೆ ಮೇಲೆ ಬೂಟು! ಹಾಸಿಗೇನೋ ರಸ್ತೇನೋ?" ತಾಯಿ ಮೂಗು ಮುರಿದಳು. "ಒಬ್ಬಳೂ ನೆಟ್ಟಗೆ ಮಲಗಿದ ಹಾಗಿಲ್ಲ. ನಾಲ್ಕು ಜನ ಒಂದೇ ಮಂಚದ ಮೇಲೆ ಕೂತು ಹರಟಿದ್ದಾರೆ."

ಅಷ್ಟರಲ್ಲಿ ಬುಗುರಿ ಒಂದು ಬೆಡ್‌ಶೀಟು ಕಿತ್ತುಕೊಂಡು ಬೆಳಕಿಗೆ ಹಿಡಿದಳು. ಮೂಲೆಯಲ್ಲಿ ಕಡು ನೀಲಿಯ ಚುಕ್ಕೆಗಳು. "ಅಮ್ಮಾ, ಇದು ಇಂಕಲ್ಲ! ಸೂಕ್ಷ್ಮದರ್ಶಕದ ಕೆಳಗೆ ಇಡೋಕೆ ಮುಂಚೆ ಗಾಜಿನ ಮೇಲೆ ಹಾಕೋ ಬಣ್ಣ. ಶನಿವಾರ ಭಾನುವಾರವೂ ಲ್ಯಾಬ್ ತೆಗೆದಿರ್ತಾರೆ! ನಮ್ಮ ಶಾಲೇಲಿ ಸೂಕ್ಷ್ಮದರ್ಶಕ ಇಟ್ಟಿದ್ದ ಬೀರುವಿನ ಬೀಗ ತೆಗೆಸೋಕೇ ಒಂದು ವಾರ ಬೇಕಿತ್ತು. ಇವಳ್ಯಾರೋ ಕೈ ಕೂಡ ತೊಳೀದೆ ಬಂದು ಮಲಗಿದ್ದಾಳೆ, ನೋಡು!"

"ಕೈ ತೊಳೀದೇ ಇರೋದು ಹೆಮ್ಮೆ ವಿಷಯವಾ?" ಎಂದ ಅಣ್ಣ.

"ಹೌದು ಮಾವ, ಹೆಮ್ಮೇನೇ!"

ಆಮೇಲೆ ಹಸಿರು ದಾರ. ತಾಯಿ ಮೊದಲನೆಯದನ್ನು ಬಿಡಿಸಿ ದಂಗಾದಳು. ಒಂದು ಕಲೆ ಇಲ್ಲ. ಎರಡನೆಯದು, ಮೂರನೆಯದು, ಎಲ್ಲ ಹಾಲಿನಂತೆ. "ನೋಡಿ, ಮಕ್ಕಳು ಅಂದ್ರೆ ಹೀಗಿರಬೇಕು. ಎಂಥ ಶಿಸ್ತು!"

ಅಣ್ಣ ಒಂದನ್ನು ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ಇಸ್ತ್ರಿಯ ವಿಷಯದಲ್ಲಿ ಅವನು ತಮಾಷೆ ಮಾಡುವವನಲ್ಲ. "ಶಿಸ್ತಲ್ಲ ಕಣೇ. ಇಸ್ತ್ರಿ ಮಡಿಕೆ ಹಾಗೇ ಇದೆ. ಇದರ ಮೇಲೆ ಯಾರೂ ಮಲಗೇ ಇಲ್ಲ."

"ಹಾಗಾದ್ರೆ ಮಕ್ಕಳೆಲ್ಲ ಎಲ್ಲಿ?"

"ಮನೇಲಿ" ಎಂದಳು ಬುಗುರಿ ಮೆಲ್ಲಗೆ. "ಶುಕ್ರವಾರದ ಬಸ್ಸು, ಅಮ್ಮ. ಎಲ್ಲರೂ ಮನೆಗೆ ಹೋಗಿ ಸೋಮವಾರ ಬರ್ತಾರೆ."

ತಾಯಿಯ ಎದೆ ಒಮ್ಮೆಲೇ ಹಗುರಾಯಿತು. ಪ್ರತಿ ಶನಿವಾರ ಮಗಳು ಮನೆಯಲ್ಲಿ! ದೊಡ್ಡ ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಚಿಕ್ಕಂದಿನಿಂದ ಆ ತುದಿ ಹಿಡಿದವಳು ಬುಗುರಿ. ತುದಿಗೆ ತುದಿ ಸೇರಿಸಲು ಹತ್ತಿರ ಬಂದಾಗಲೆಲ್ಲ ಒಂದು ಸುದ್ದಿ ಹೇಳಿ, ಮತ್ತೆ ಹಿಂದಕ್ಕೆ ಸರಿಯುವಳು. ಶಾಲೆಯ ಜಗಳ, ಗೆಳತಿಯ ಮುನಿಸು, ಪರೀಕ್ಷೆಯ ಭಯ, ತಾಯಿಗೆ ಗೊತ್ತಾದದ್ದೆಲ್ಲ ಹೀಗೆ ಮಡಿಕೆ ಮಡಿಕೆಯಾಗಿಯೇ. ಆ ಸಣ್ಣ ಊರಿಗೆ ಕಳಿಸಿದರೆ ಅದೊಂದು ಉಳಿಯುತ್ತದೆ. ನಗರಕ್ಕೆ ಹೋದವಳು ಶನಿವಾರ ಬರುವುದಿಲ್ಲ. ಕೆಂಪು ದಾರದ ಮೂಟೆ ಅದನ್ನೂ ಸ್ಪಷ್ಟವಾಗಿಯೇ ಹೇಳಿತ್ತು.

ಬುಗುರಿ ತಾಯಿಯ ಮುಖ ನೋಡಿದಳು. ಆ ಮುಖ ಓದಲು ಅವಳಿಗೆ ಯಾವ ಸೂಕ್ಷ್ಮದರ್ಶಕವೂ ಬೇಕಿರಲಿಲ್ಲ. "ಅಲ್ಲಿಗೇ ಹೋಗ್ತೀನಿ ಅಮ್ಮ. ಆ ಗೋಪುರ ಚೆನ್ನಾಗಿತ್ತು. ಮರಗಳೂ ಇದಾವೆ."

"ಖುಷಿಯಿಂದ ಹೇಳ್ತಿದ್ದೀಯಾ?"

"ಹೂಂ. ಖುಷಿಯಿಂದಲೇ."

"ಸರಿ. ಹಾಗಾದ್ರೆ ಕೈಯಲ್ಲಿರೋದನ್ನ ಮೆಷಿನ್‌ಗೆ ಹಾಕು."

ಬುಗುರಿ ತನ್ನ ಕೈ ನೋಡಿಕೊಂಡಳು. ನೀಲಿ ಚುಕ್ಕೆಯ ಬೆಡ್‌ಶೀಟು ಇನ್ನೂ ಅಲ್ಲೇ ಇತ್ತು. ಅಷ್ಟು ಹೊತ್ತೂ ಎದೆಗೆ ಅವುಚಿಕೊಂಡೇ ನಿಂತಿದ್ದಳು. ಮೆಷಿನ್ನಿನ ಬಾಗಿಲು ತೆರೆದಿತ್ತು. ಎರಡು ಹೆಜ್ಜೆ ಹೋದಳು, ನಿಂತಳು, ಆ ಚುಕ್ಕೆಗಳನ್ನು ಇನ್ನೊಮ್ಮೆ ನೋಡಿದಳು.

"ಗೊತ್ತಾಯ್ತು ಬಿಡು" ಎಂದಳು ತಾಯಿ. ಆಮೇಲೆ ಜೋರಾಗಿಯೇ ಹೇಳಿದಳು: "ಯಾರೋ ಕೊಳೆ ಮಾಡಿದ ಬೆಡ್‌ಶೀಟ್‌ನ ಇಷ್ಟು ಮುದ್ದು ಮಾಡೋಳು ಗೋಪುರದ ಕೆಳಗೆ ಕೂತು ಏನು ಮಾಡ್ತೀಯಾ? ನಗರಕ್ಕೆ ಹೋಗು. ಹೂಂ ಅಂತ ಈಗಲೇ ಹೇಳು, ನನ್ನ ಮನಸ್ಸು ಬದಲಾಗೋ ಮುಂಚೆ."

ಬುಗುರಿ ಕಿರುಚಿದ ಸದ್ದಿಗೆ ಎದುರಿನ ಬೇಕರಿಯವನು ಬಾಗಿಲಿಗೆ ಬಂದು ನೋಡಿದ. ತಾಯಿಯನ್ನು ಬೆಡ್‌ಶೀಟಿನ ಸಮೇತ ತಬ್ಬಿಕೊಂಡು ಗಿರಗಿರನೆ ತಿರುಗಿಸಿದಳು. "ಬಿಡೇ, ಬಿಡೇ, ಬೀಳ್ತೀನಿ!" ಎಂದು ತಾಯಿ ಕೂಗುತ್ತಿದ್ದಳು, ನಗುತ್ತಲೂ ಇದ್ದಳು. "ಶನಿವಾರ ಮಡಿಸೋರು ಯಾರು, ಅದನ್ನ ಹೇಳಿ ಮೊದಲು" ಎಂದ ಅಣ್ಣ. ಇಬ್ಬರೂ ತಿರುಗುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು. ಕೇಳಬಾರದಿತ್ತೆಂದು ಅವನಿಗೆ ತಡವಾಗಿ ಹೊಳೆಯಿತು.

ಈಗ ಆ ತುದಿ ಹಿಡಿಯುವವನು ಅವನೇ. ಮಡಿಸುವಾಗ ಅರ್ಧದಲ್ಲಿ ಕೈ ಬಿಟ್ಟು ಮೂಗು ತುರಿಸಿಕೊಳ್ಳುತ್ತಾನೆ. ಹತ್ತಿರ ಬಂದಾಗ ಹೇಳುವುದು ತನ್ನ ಮಂಡಿನೋವಿನ ಸುದ್ದಿ. ಭಾನುವಾರ ಬುಗುರಿಯ ಫೋನು ಬರುತ್ತದೆ, ಹಿಂದೆ ಲಿಫ್ಟಿನ ಆ ಗದ್ದಲವೇ ಕೇಳಿಸುತ್ತದೆ. "ಅಮ್ಮಾ, ನನ್ನ ಬೆಡ್‌ಶೀಟ್ ನೋಡಿದ್ರೆ ನೀನು ಹೊಡೀತೀಯ!" ಎಂದಳು ಮೊನ್ನೆ. "ನೀಲೀನಾ?" ಎಂದು ಕೇಳಿದಳು ತಾಯಿ. "ನೀಲಿ, ಕೆಂಪು, ಕಾಫಿ, ಎಲ್ಲ!"

ವರ್ಷಕ್ಕೆ ನಾಲ್ಕು ಸಾವಿರ ಬೆಡ್‌ಶೀಟು ಹೇಗೂ ಹೋಗುವುದೇ ಇತ್ತು, ಅದನ್ನು ತಾಯಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೋದದ್ದು ಶನಿವಾರಗಳು. ಸಿಕ್ಕಿದ್ದು, ಕೈ ತೊಳೆಯಲೂ ಮರೆಯುವಷ್ಟು ಇಷ್ಟದ ಕೆಲಸ ಮಗಳಿಗೆ.